ಬಾರ್ಲಿ ಸಸಿ ಮೊದಲೇ ಹೇಳಿತ್ತು

1947ರಲ್ಲಿ ಸ್ಟಾಕ್‌ಹೋಮ್‌ನ ರಸಾಯನ ವಿಜ್ಞಾನಿ ಹ್ಯಾನ್ಸ್ ಫಾನ್ ಆಯ್ಲರ್ ಒಂದು ಚಿಕ್ಕ ವರದಿ ಪ್ರಕಟಿಸಿದರು. ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕ ಬೆರೆಸಿದ ನೀರಿನಲ್ಲಿ ಬಾರ್ಲಿ ಕಾಳು ಹಾಕಿದರೆ ಮೊಳಕೆಯೇನೋ ಒಡೆಯುತ್ತದೆ, ಆದರೆ ಎಲೆಯಲ್ಲಿ ಪತ್ರಹರಿತ್ತು ಹುಟ್ಟುವುದಿಲ್ಲ ಎಂಬುದು ಅದರ ತಿರುಳು. ಆಯ್ಲರ್ ಸಾಮಾನ್ಯರಲ್ಲ, ಹುದುಗುವಿಕೆಯ ರಸಾಯನದ ಮೇಲಿನ ಕೆಲಸಕ್ಕಾಗಿ 1929ರಲ್ಲೇ ನೊಬೆಲ್ ಪಡೆದವರು. ಆದರೂ ಬಾರ್ಲಿಯ ಸುದ್ದಿ ಹೆಚ್ಚು ದೂರ ಹೋಗಲಿಲ್ಲ. ಅದಕ್ಕೆ ಕಾರಣವೂ ಇತ್ತು. ಕ್ಷಯ ಎಂದರೆ ಸಾವು ಎಂದೇ ನಂಬಿದ್ದ ಮನೆಗಳಿಗೆ ಸ್ಟ್ರೆಪ್ಟೊಮೈಸಿನ್ ಆಗಷ್ಟೇ ಬಂದಿತ್ತು. ಮನುಷ್ಯರು ಬದುಕುಳಿಯುತ್ತಿರುವಾಗ ಬಿಳಿಚಿದ ಬಾರ್ಲಿಯ ಕಡೆ ನೋಡುವ ವ್ಯವಧಾನ ಯಾರಿಗಿದ್ದೀತು?

ಪ್ರತಿಜೀವಕಗಳ ಚರಿತ್ರೆಯನ್ನು ಸಾಮಾನ್ಯವಾಗಿ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತು ಬರೆಯುತ್ತಾರೆ. ಹೊಲದ ಬದುವಿನ ಮೇಲೆ ನಿಂತು ಬರೆದರೆ ಅದು ಬೇರೆಯೇ ಕಥೆಯಾಗುತ್ತದೆ. ಈ ಮದ್ದುಗಳಲ್ಲಿ ಬಹುಪಾಲು ಹುಟ್ಟಿದ್ದು ಮಣ್ಣಿನಲ್ಲಿ. ಕೆಲವೇ ವರ್ಷಗಳಲ್ಲಿ ಅವು ಕಾರ್ಖಾನೆ, ಕೋಳಿಫಾರಂ, ಹಂದಿ ಕೊಟ್ಟಿಗೆಗಳ ದಾರಿ ಹಿಡಿದು ಮತ್ತೆ ಮಣ್ಣಿಗೇ ಬಂದವು. ಹೊರಟಾಗ ಇದ್ದದ್ದು ಲೆಕ್ಕಕ್ಕೆ ಸಿಗದಷ್ಟು ಸೂಕ್ಷ್ಮ ಪ್ರಮಾಣ, ಮರಳಿದ್ದು ಟನ್ನುಗಟ್ಟಲೆಯಲ್ಲಿ.

ಮೊದಲು ಸ್ಟ್ರೆಪ್ಟೊಮೈಸಿನ್‌ನ ಹುಟ್ಟನ್ನೇ ನೋಡಬೇಕು. ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ಕೃಷಿ ಕಾಲೇಜಿನಲ್ಲಿ ಸೆಲ್ಮನ್ ವಾಕ್ಸ್‌ಮನ್ ಮಣ್ಣಿನ ಸೂಕ್ಷ್ಮಜೀವಿಗಳ ಪ್ರಾಧ್ಯಾಪಕರಾಗಿದ್ದರು. ಅವರ ಶಿಷ್ಯ ಆಲ್ಬರ್ಟ್ ಶಾಟ್ಸ್ ಎಂಬ 23 ವರ್ಷದ ತರುಣ ಕಟ್ಟಡದ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ 1943ರ ಅಕ್ಟೋಬರ್‌ನಲ್ಲಿ ಈ ಮದ್ದನ್ನು ಗುರುತಿಸಿದ. ಅದನ್ನು ಸ್ರವಿಸುತ್ತಿದ್ದದ್ದು ಸ್ಟ್ರೆಪ್ಟೊಮೈಸಿಸ್ ಗ್ರೈಸಿಯಸ್ ಎಂಬ ಮಣ್ಣಿನ ಜೀವಿಯ ಎರಡು ತಳಿಗಳು. ಒಂದು ಸಿಕ್ಕಿದ್ದು ಗೊಬ್ಬರ ಹೇರಳವಾಗಿ ಸುರಿದ ಹೊಲದ ಮಣ್ಣಿನಲ್ಲಿ, ಇನ್ನೊಂದು ಒಂದು ಕೋಳಿಯ ಗಂಟಲಿನಿಂದ ತೆಗೆದ ದ್ರವದಲ್ಲಿ. ಗೊಬ್ಬರ, ಹೊಲ, ಕೋಳಿ: ಮುಂದಿನ ಎಂಬತ್ತು ವರ್ಷಗಳ ಕಥೆಯ ಪಾತ್ರಗಳೆಲ್ಲ ಮೊದಲ ದಿನವೇ ಅಲ್ಲಿ ನೆರೆದಿದ್ದವು.

ಇದೇ ಶಾಟ್ಸ್ 1948ರಲ್ಲಿ ಲುಯಿಜಿ ಪ್ರೊವಾಸೋಲಿ ಮತ್ತು ಸೇಮರ್ ಹಟ್ನರ್ ಜೊತೆ ಸೇರಿ ಇನ್ನೊಂದು ಪ್ರಬಂಧ ಬರೆದರು. ಕೊಳದ ನೀರಿನಲ್ಲಿ ಬೆಳೆಯುವ ಯೂಗ್ಲೀನಾ ಎಂಬ ಹಸಿರು ಏಕಕೋಶ ಜೀವಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟಾಗ ಅದು ಸಾಯಲಿಲ್ಲ, ಹಸಿರನ್ನು ಕಳೆದುಕೊಂಡಿತು. ಮದ್ದು ನಿಲ್ಲಿಸಿದ ಮೇಲೂ ಆ ಹಸಿರು ತಿರುಗಿ ಬರಲಿಲ್ಲ. ಅದರ ಸಂತತಿಯೂ ಬಣ್ಣವಿಲ್ಲದೆಯೇ ಹುಟ್ಟಿತು. ಮದ್ದನ್ನು ಕಂಡುಹಿಡಿದವರೇ ಐದು ವರ್ಷದೊಳಗೆ ಅದು ಹಸಿರು ಜೀವಿಗಳಿಗೆ ಏನು ಮಾಡುತ್ತದೆಂದು ಬರೆದಿಟ್ಟರು. ಎಚ್ಚರಿಕೆ ತಡವಾಗಿ ಬಂತು ಎಂಬ ಮಾತು ಇಲ್ಲಿ ಹೊಂದುವುದಿಲ್ಲ. ಎಚ್ಚರಿಕೆ ಬಹಳ ಬೇಗ ಬಂದಿತ್ತು.

ಆದರೆ ಸ್ಟ್ರೆಪ್ಟೊಮೈಸಿನ್‌ಗಿಂತ ಹೆಚ್ಚಾಗಿ ಹೊಲವನ್ನು ಹೊಕ್ಕಿದ್ದು ಟೆಟ್ರಾಸೈಕ್ಲಿನ್ ಕುಟುಂಬ. ಅದರ ಮೂಲ ಹುಡುಕಿದರೆ ಮಿಸ್ಸೌರಿ ವಿಶ್ವವಿದ್ಯಾಲಯದ ಸ್ಯಾನ್‌ಬಾರ್ನ್ ಫೀಲ್ಡ್ ಎಂಬ ಪ್ರಯೋಗ ಕ್ಷೇತ್ರಕ್ಕೆ ಬಂದು ನಿಲ್ಲಬೇಕಾಗುತ್ತದೆ. 1888ರಲ್ಲಿ ಬೆಳೆ ಸರದಿ ಮತ್ತು ಗೊಬ್ಬರದ ಪರಿಣಾಮ ತಿಳಿಯಲೆಂದು ಅಲ್ಲಿ ನೆಲವನ್ನು ತುಂಡು ತುಂಡಾಗಿ ವಿಂಗಡಿಸಿದ್ದರು. ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದವರು, ಗಿಡಗಳ ಶಿಲೀಂಧ್ರ ರೋಗಗಳ ಬಗ್ಗೆ 1909ರಲ್ಲೇ ಪಠ್ಯಪುಸ್ತಕ ಬರೆದವರು. ಎಪ್ಪತ್ತು ದಾಟಿ ನಿವೃತ್ತರಾದ ಅವರನ್ನು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯ ಕೆಲಸಕ್ಕೆ ಕರೆಯಿತು. ಅಲ್ಲಿ ಸಂಶೋಧನೆಯ ನಿರ್ದೇಶಕರಾಗಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಡಗ್ಗರ್ ಹಳೆಯ ಪರಿಚಯದ ಬಲದಿಂದ ಮಿಸ್ಸೌರಿಯ ಮಣ್ಣು ವಿಜ್ಞಾನಿ ವಿಲಿಯಂ ಆಲ್ಬ್ರೆಕ್ಟ್ ಅವರಿಗೆ ಬರೆದು ಮಣ್ಣು ತರಿಸಿಕೊಂಡರು. ಟಿಮೊಥಿ ಎಂಬ ಮೇವಿನ ಹುಲ್ಲು ಬೆಳೆಯುತ್ತಿದ್ದ 23ನೇ ತಾಕಿನ ಮಣ್ಣಿನಲ್ಲಿ 1945ರಲ್ಲಿ ಹೊಂಬಣ್ಣದ ಒಂದು ಜೀವಿ ಸಿಕ್ಕಿತು. ಅದು ಸ್ರವಿಸಿದ್ದೇ ಆರಿಯೊಮೈಸಿನ್, ಇಂದಿನ ಹೆಸರಿನಲ್ಲಿ ಕ್ಲೋರ್‌ಟೆಟ್ರಾಸೈಕ್ಲಿನ್. 1948ರ ಜುಲೈನಲ್ಲಿ ಅದನ್ನು ಲೋಕಕ್ಕೆ ಪ್ರಕಟಿಸಿದರು. ಮರುತಿಂಗಳೇ ಸುಬ್ಬರಾವ್ ತೀರಿಕೊಂಡರು. ಗಿಡಗಳ ಕಾಯಿಲೆ ಓದಿಕೊಂಡ ಮುದುಕನೊಬ್ಬ ಹುಲ್ಲಿನ ಬೇರಿನ ಪಕ್ಕದ ಮಣ್ಣಿನಿಂದ ಎತ್ತಿದ ಮದ್ದು, ಮುಂದೆ ಗಿಡಗಳ ಬೇರಿಗೇ ಕುತ್ತಾಗಬಹುದೆಂದು ಆಗ ಯಾರೂ ಊಹಿಸಿರಲಿಲ್ಲ.

ಅದೇ ಪರ್ಲ್ ರಿವರ್‌ನಲ್ಲಿ, ಅದೇ ವರ್ಷದ ಕೊನೆಯಲ್ಲಿ, ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಕೋಳಿಮರಿಗಳಿಗೆ ಅಗ್ಗದ ಪೋಷಕಾಂಶ ಹುಡುಕುತ್ತಿದ್ದರು. ಆರಿಯೊಮೈಸಿನ್ ತೆಗೆದ ಮೇಲೆ ಉಳಿದ ಗಸಿಯಲ್ಲಿ ಬಿ12 ಜೀವಸತ್ವ ಇರುತ್ತದೆಂದು ಅದನ್ನು ತಿನ್ನಿಸಿ ನೋಡಿದರು. ಮರಿಗಳು ನಿರೀಕ್ಷೆಗೂ ಮೀರಿ ದಪ್ಪಗಾದವು. ಬಿ12 ಒಂದರಿಂದ ಅಷ್ಟು ಬೆಳವಣಿಗೆ ಸಾಧ್ಯವಿರಲಿಲ್ಲ. ಗಸಿಯಲ್ಲಿ ಉಳಿದಿದ್ದ ಮದ್ದಿನ ಅಂಶವೇ ಆ ಕೆಲಸ ಮಾಡಿತ್ತು. 1950ರಲ್ಲಿ ಇದನ್ನು ಪ್ರಕಟಿಸಿದರು. 1951ರಲ್ಲಿ ಅಮೆರಿಕ ಸರ್ಕಾರ ವೈದ್ಯರ ಚೀಟಿಯಿಲ್ಲದೆ ಪಶು ಆಹಾರದಲ್ಲಿ ಪ್ರತಿಜೀವಕ ಬೆರೆಸಲು ಅನುಮತಿ ಕೊಟ್ಟಿತು. ಕಾಯಿಲೆಯಿಲ್ಲದ ಪ್ರಾಣಿಗೆ ದಿನವೂ ಮದ್ದು ತಿನ್ನಿಸುವ ಪದ್ಧತಿ ಹಾಗೆ ಶುರುವಾಯಿತು.

ಇಲ್ಲಿಂದ ಮುಂದಿನ ದಾರಿಗೆ ವಿಜ್ಞಾನವೇ ಬೇಕಿರಲಿಲ್ಲ, ರೈತನ ಸಾಮಾನ್ಯ ತಿಳಿವಳಿಕೆ ಸಾಕಿತ್ತು. ಪ್ರಾಣಿ ತಿಂದದ್ದರಲ್ಲಿ ಸೇರದೆ ಉಳಿದದ್ದು ಸಗಣಿ, ಹಿಕ್ಕೆ, ಗಂಜಲದಲ್ಲಿ ಹೊರಬರುತ್ತದೆ. ಮದ್ದಿನ ಜಾತಿಯನ್ನು ಅವಲಂಬಿಸಿ ಕೊಟ್ಟದ್ದರಲ್ಲಿ ಶೇ 30ರಿಂದ 90ರವರೆಗೆ ಹಾಗೆಯೇ ಆಚೆ ಬೀಳುತ್ತದೆ. ಗೊಬ್ಬರ ಹೊಲಕ್ಕೆ ಹೋಗುತ್ತದೆ, ಅದರೊಂದಿಗೆ ಮದ್ದೂ ಹೋಗುತ್ತದೆ. ಪೆನಿಸಿಲಿನ್ ಬೇಗ ಒಡೆದು ಹಾಳಾಗುತ್ತದೆ. ಟೆಟ್ರಾಸೈಕ್ಲಿನ್ ಹಾಗಲ್ಲ. ಅದು ಜೇಡಿಮಣ್ಣಿನ ಕಣಕ್ಕೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗೆ ಗಟ್ಟಿಯಾಗಿ ಅಂಟಿಕೊಂಡು ಕೂರುತ್ತದೆ. ಸಲ್ಫಾ ಎಂಬ ಜಾತಿಯ ಮದ್ದುಗಳು ಅಂಟಿಕೊಳ್ಳುವುದು ಕಡಿಮೆ. ನೀರಿನೊಂದಿಗೆ ಹರಿದು ಬೇರಿಗೂ ಬಾವಿಗೂ ಸುಲಭವಾಗಿ ತಲುಪುತ್ತವೆ.

ದುಂಡಾಣುವನ್ನು ಕೊಲ್ಲುವ ಮದ್ದು ಗಿಡವನ್ನೇಕೆ ಕಾಡಬೇಕು? ಆಯ್ಲರ್ ಕಾಲದಲ್ಲಿ ಇದಕ್ಕೆ ಉತ್ತರವಿರಲಿಲ್ಲ. 1967ರಲ್ಲಿ ಲಿನ್ ಮಾರ್ಗುಲಿಸ್ ಹಳೆಯದೊಂದು ಊಹೆಗೆ ಮರುಜೀವ ಕೊಟ್ಟರು: ಎಲೆಯ ಕೋಶದಲ್ಲಿ ಹಸಿರನ್ನು ಹಿಡಿದಿಟ್ಟುಕೊಂಡಿರುವ ಹರಿತ್ಕಣಗಳು ಕೋಟ್ಯಂತರ ವರ್ಷಗಳ ಹಿಂದೆ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಾಗಳು, ದೊಡ್ಡ ಕೋಶವೊಂದರ ಒಳಹೊಕ್ಕು ಅಲ್ಲೇ ನೆಲೆಸಿದವು. ಮೊದಮೊದಲು ಪಂಡಿತರು ಒಪ್ಪದಿದ್ದರೂ ಇಂದು ಇದು ಜೀವಶಾಸ್ತ್ರದ ಮೂಲಪಾಠ. ಬೇರೆ ಮನೆಗೆ ಬಂದು ತಲೆಮಾರುಗಳು ಉರುಳಿದರೂ ತವರಿನ ಪದ್ಧತಿಯಲ್ಲೇ ಅಡುಗೆ ಮಾಡುವ ಸೊಸೆಯಂತೆ ಹರಿತ್ಕಣ ಇಂದಿಗೂ ಬ್ಯಾಕ್ಟೀರಿಯಾದ ಮಾದರಿಯಲ್ಲೇ ತನ್ನ ಪ್ರೋಟೀನುಗಳನ್ನು ತಯಾರಿಸುತ್ತದೆ. ಪ್ರೋಟೀನು ತಯಾರಿಸುವ ಅದರ ಯಂತ್ರ, ಅಂದರೆ ರೈಬೋಸೋಮ್, ಬ್ಯಾಕ್ಟೀರಿಯಾದ ಬಗೆಯದು. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಎರಡೂ ಹೊಡೆಯುವುದು ಆ ರೈಬೋಸೋಮ್‌ಗೇ. ಶತ್ರು ಯಾರು, ಎಲೆಯೊಳಗಿನ ನೆಂಟ ಯಾರು ಎಂಬ ಭೇದ ಮದ್ದಿಗೆ ಗೊತ್ತಾಗುವುದಿಲ್ಲ.

ಉಳಿದ ಜಾತಿಗಳ ಕಥೆಯೂ ಹೀಗೆಯೇ. ಸಿಪ್ರೊಫ್ಲಾಕ್ಸಸಿನ್ ಬ್ಯಾಕ್ಟೀರಿಯಾದ ಡಿಎನ್‌ಎ ಗೈರೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಅದೇ ಬಗೆಯ ಗೈರೇಸ್ ಗಿಡದ ಹರಿತ್ಕಣದಲ್ಲಿ ಇದೆಯೆಂದು 2004ರಲ್ಲಿ ಅರಾಬಿಡೋಪ್ಸಿಸ್ ಎಂಬ ಸಾಸಿವೆ ಬಳಗದ ಪುಟ್ಟ ಗಿಡದಲ್ಲಿ ಸಾಬೀತಾಯಿತು. ಸಲ್ಫಾ ಮದ್ದು ಬ್ಯಾಕ್ಟೀರಿಯಾ ಫೋಲೇಟ್ ಎಂಬ ಜೀವಸತ್ವ ತಯಾರಿಸಿಕೊಳ್ಳುವುದನ್ನು ನಿಲ್ಲಿಸುತ್ತದೆ. ಮನುಷ್ಯನಿಗೆ ಫೋಲೇಟ್ ಊಟದಲ್ಲಿ ಸಿಗುತ್ತದೆ, ಹಾಗಾಗಿ ಅವನಿಗೆ ತೊಂದರೆಯಿಲ್ಲ. ಗಿಡ ಮಾತ್ರ ಬ್ಯಾಕ್ಟೀರಿಯಾದ ಹಾಗೆಯೇ ಅದನ್ನು ತಾನೇ ತಯಾರಿಸಿಕೊಳ್ಳಬೇಕು. ಅಸುಲಂ ಎಂಬ ಕಳೆನಾಶಕ ಕಳೆಯನ್ನು ಕೊಲ್ಲುವುದು ಸಲ್ಫಾ ತಡೆಯುವ ಫೋಲೇಟ್ ತಯಾರಿಕೆಯ ಕಿಣ್ವವನ್ನೇ ಕಟ್ಟಿಹಾಕಿ. ಸಲ್ಫಾ ಉಳಿಕೆಯಿರುವ ಗೊಬ್ಬರವನ್ನು ಹೊಲಕ್ಕೆ ಹಾಕುವವನು ತನಗೆ ಅರಿವಿಲ್ಲದೆಯೇ ಕಳೆನಾಶಕದ ದಾಯಾದಿಯನ್ನು ಬೆಳೆಯ ಬೇರಿಗೆ ಬಿಡುತ್ತಿರುತ್ತಾನೆ.

ಇದಕ್ಕೆಲ್ಲ ಹೆಚ್ಚಿನ ಸಾಕ್ಷಿ ಬೇಕೆಂದರೆ ಕುಲಾಂತರಿ ಬೆಳೆಗಳ ಪ್ರಯೋಗಾಲಯಕ್ಕೆ ಹೋಗಬಹುದು. 1983ರಲ್ಲಿ ತಂಬಾಕಿನಲ್ಲಿ ಮೊದಲ ಬಾರಿ ಹೊರಗಿನ ವಂಶವಾಹಿ ಸೇರಿಸಿದಾಗಿನಿಂದಲೂ, ಸೇರಿಸಿದ ವಂಶವಾಹಿ ಕೂತಿದೆಯೋ ಇಲ್ಲವೋ ತಿಳಿಯಲು ಕನಮೈಸಿನ್ ಎಂಬ ಪ್ರತಿಜೀವಕದ ಮೇಲೆ ಸಸಿ ಬೆಳೆಸುವುದು ವಾಡಿಕೆ. ತಡೆಯುವ ಶಕ್ತಿ ಪಡೆದ ಸಸಿ ಹಸಿರಾಗಿ ಉಳಿಯುತ್ತದೆ, ಪಡೆಯದ್ದು ಬಿಳಿಚಿಕೊಳ್ಳುತ್ತದೆ. ಕರ್ನಾಟಕದ ಕಪ್ಪು ನೆಲದಲ್ಲಿ ಬೆಳೆಯುವ ಬಿಟಿ ಹತ್ತಿಯ ಮೂಲ ತಳಿಯಲ್ಲೂ ಆ ಗುರುತಿನ ವಂಶವಾಹಿ ಇದೆ. ಪ್ರತಿಜೀವಕ ಸಸಿಯನ್ನು ಬಿಳಿಚಿಸುತ್ತದೆ ಎಂಬುದು ವಿಜ್ಞಾನಿಗಳಿಗೆ ನಿತ್ಯ ಬಳಕೆಯ ಉಪಕರಣವಾಗಿತ್ತು. ಗೊಬ್ಬರದ ಗುಂಡಿಗೂ ಆ ತಿಳಿವಳಿಕೆಗೂ ನಡುವೆ ಸೇತುವೆ ಕಟ್ಟುವ ಕೆಲಸ ಮಾತ್ರ ತೀರ ನಿಧಾನವಾಗಿ ನಡೆಯಿತು.

ಆ ಕೆಲಸಕ್ಕೆ ಕೈಹಾಕಿದ ಮೊದಲಿಗರಲ್ಲಿ ಅಮೆರಿಕದ ಕೃಷಿ ಇಲಾಖೆಯ ಎ.ಆರ್. ಬ್ಯಾಚೆಲ್ಡರ್ ಒಬ್ಬರು. 1981–82ರಲ್ಲಿ ಅವರು ರಾಜ್ಮಾ ಜಾತಿಯ ಪಿಂಟೋ ಕಾಳನ್ನು ಕ್ಲೋರ್‌ಟೆಟ್ರಾಸೈಕ್ಲಿನ್ ಮತ್ತು ಆಕ್ಸಿಟೆಟ್ರಾಸೈಕ್ಲಿನ್ ಜೊತೆ ಬೆಳೆಸಿದರು. ಪೋಷಕಾಂಶ ಬೆರೆಸಿದ ನೀರಿನಲ್ಲಿ ಮದ್ದಿನ ಪ್ರಮಾಣ ಹೆಚ್ಚಾದಾಗ ಗಿಡ ಸತ್ತೇ ಹೋಯಿತು. ಮಣ್ಣಿನಲ್ಲಿ ಫಲಿತಾಂಶ ಬೇರೆಯಾಗಿತ್ತು. ಮರಳು ಮಿಶ್ರಿತ ಮಣ್ಣಿನಲ್ಲಿ ಗಿಡ ಗಿಡ್ಡವಾಯಿತು, ಬೇರಿನ ತೂಕ ಇಳಿಯಿತು, ಕ್ಯಾಲ್ಸಿಯಂ, ಪೊಟ್ಯಾಷ್ ಹೀರುವುದು ಕಡಿಮೆಯಾಯಿತು. ಜೇಡಿ ಹೆಚ್ಚಿರುವ ಮಣ್ಣಿನಲ್ಲಿ ಅಷ್ಟು ತೊಂದರೆ ಕಾಣಲಿಲ್ಲ. ಮಣ್ಣು ಮದ್ದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಮೂಲಂಗಿ, ಗೋಧಿ, ಮೆಕ್ಕೆಜೋಳಗಳು ಪಿಂಟೋದಷ್ಟು ಸೊರಗಲಿಲ್ಲ. ಬೆಳೆ ಯಾವುದು, ಮಣ್ಣು ಎಂಥದ್ದು, ಮದ್ದು ಯಾವುದು ಎಂಬ ಮೂರೂ ಸೇರಿ ಹಾನಿಯನ್ನು ತೀರ್ಮಾನಿಸುತ್ತವೆ ಎಂಬ ಮಾತು ಇಲ್ಲಿಂದಲೇ ಗಟ್ಟಿಯಾಯಿತು. ತೊಂಬತ್ತರ ದಶಕದಲ್ಲಿ ರೋಮ್‌ನ ಲುಚಾನಾ ಮಿಲ್ಯೋರೆ ಸಲ್ಫಾಡೈಮೆಥಾಕ್ಸಿನ್ ಕೊಟ್ಟು ಬಾರ್ಲಿ, ಬಟಾಣಿ, ಮೆಕ್ಕೆಜೋಳ ಬೆಳೆಸಿದಾಗ ಗಿಡಗಳು ಕುಗ್ಗಿದವು. ಮದ್ದು ಕಾಂಡಕ್ಕಿಂತ ಬೇರಿನಲ್ಲೇ ಹೆಚ್ಚಾಗಿ ಶೇಖರವಾಗಿತ್ತು. ಆಯ್ಲರ್ ನಂತರ ಸುಮಾರು ಅರ್ಧ ಶತಮಾನಕ್ಕೆ ಬಾರ್ಲಿ ಮತ್ತೆ ಸಾಕ್ಷಿಕಟ್ಟೆ ಹತ್ತಿತು.

ನಿಜವಾದ ಹೊಲದ ಲೆಕ್ಕ ಜರ್ಮನಿಯಿಂದ ಬಂತು. ಹಂದಿಯ ಗೊಬ್ಬರದ ರಾಡಿ ಹರಿಸಿದ ಹೊಲವೊಂದರಲ್ಲಿ ಗೆರ್ಡ್ ಹಾಮ್ಷರ್ ತಂಡ 2002ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಮೇಲಿನ 10 ಸೆಂಟಿಮೀಟರ್ ಪದರದಲ್ಲಿ ಕಿಲೋ ಮಣ್ಣಿಗೆ ಸರಾಸರಿ 86 ಮೈಕ್ರೋಗ್ರಾಂ, ಅದರ ಕೆಳಗಿನ ಪದರದಲ್ಲಿ 199 ಮೈಕ್ರೋಗ್ರಾಂ ಟೆಟ್ರಾಸೈಕ್ಲಿನ್ ಇತ್ತು. ಇದು ಪ್ರಯೋಗಾಲಯದಲ್ಲಿ ಗಿಡ ಕೊಂದ ಪ್ರಮಾಣಕ್ಕಿಂತ ಬಹಳ ಕಡಿಮೆ. ಹಾಗಾಗಿ ಕೋಳಿ ಗೊಬ್ಬರ ಹಾಕಿದ ಹೊಲಗಳೆಲ್ಲ ಬಿಳಿಚಿಕೊಳ್ಳುತ್ತವೆ ಎಂದು ಹೆದರಿಸುವುದು ಸುಳ್ಳಾಗುತ್ತದೆ. ಹೊಲದಲ್ಲಿ ಆಗುವ ಕೆಡುಕು ಅಷ್ಟು ಬೇಗ ಕಣ್ಣಿಗೆ ಬೀಳುವಂಥದ್ದಲ್ಲ. ಬೇರು ಗಿಡ್ಡವಾಗುವುದು, ಬೇರಿನ ಸುತ್ತ ಸಾರಜನಕ ಕಟ್ಟಿಕೊಡುವ, ಸಗಣಿಯನ್ನು ಒಡೆದು ಪೋಷಕಾಂಶ ಬಿಡಿಸುವ ಜೀವಿಗಳ ಬಳಗ ಏರುಪೇರಾಗುವುದು, ಇವೆಲ್ಲ ನೆಲದೊಳಗಿನ ವಿದ್ಯಮಾನ. ಫಸಲು ಒಂದಿಷ್ಟು ಕಡಿಮೆಯಾದರೆ ರೈತ ಮಳೆಯನ್ನೋ ಬೀಜವನ್ನೋ ದೂರುತ್ತಾನೆ.

ಗಿಡ ಮದ್ದನ್ನು ಹೀರುತ್ತದೆಯೇ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಕುಲದೀಪ್ ಕುಮಾರ್, ಸತೀಶ್ ಗುಪ್ತ ಮತ್ತು ಸಂಗಡಿಗರು ಹಂದಿ ಗೊಬ್ಬರದಲ್ಲಿ ಮೆಕ್ಕೆಜೋಳ, ಈರುಳ್ಳಿ, ಎಲೆಕೋಸು ಬೆಳೆಸಿ 2005ರಲ್ಲಿ ವರದಿ ಮಾಡಿದರು. ಮೂರೂ ಬೆಳೆ ಕ್ಲೋರ್‌ಟೆಟ್ರಾಸೈಕ್ಲಿನ್ ಹೀರಿದ್ದವು. ಪ್ರಮಾಣ ಕಡಿಮೆ, ಗ್ರಾಂ ಹಸಿ ತೂಕಕ್ಕೆ 2ರಿಂದ 17 ನ್ಯಾನೋಗ್ರಾಂ. ಟೈಲೋಸಿನ್ ಎಂಬ ದೊಡ್ಡ ಅಣುವಿನ ಮದ್ದು ಗಿಡದೊಳಗೆ ಬರಲೇ ಇಲ್ಲ. ಇನ್ನು ನೆದರ್ಲೆಂಡ್ಸಿನಲ್ಲಿ 1940ರಿಂದ 2008ರವರೆಗೆ ಒಣಗಿಸಿ ಜೋಪಾನವಾಗಿ ಎತ್ತಿಟ್ಟಿದ್ದ ಮಣ್ಣಿನ ಮಾದರಿಗಳನ್ನು 2010ರಲ್ಲಿ ಪರೀಕ್ಷಿಸಿದಾಗ, ಟೆಟ್ರಾಸೈಕ್ಲಿನ್ ತಡೆಯುವ ಕೆಲವು ವಂಶವಾಹಿಗಳು ಎಪ್ಪತ್ತರ ದಶಕಕ್ಕಿಂತ 15 ಪಟ್ಟಿಗೂ ಹೆಚ್ಚಾಗಿದ್ದವು. ಮಣ್ಣು ತನ್ನ ದಿನಚರಿಯನ್ನು ತಾನೇ ಬರೆದುಕೊಂಡಿತ್ತು.

ಈ ಕಥೆಯ ಭಾರತದ ಅಧ್ಯಾಯ ಪುಣೆಯ ಬಳಿಯ ಪಿಂಪ್ರಿಯಲ್ಲಿ ತೆರೆದುಕೊಳ್ಳುತ್ತದೆ. 1954ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್‌ನಲ್ಲಿ ಸಂಶೋಧನೆಯ ಹೊಣೆ ಹೊತ್ತವರು ಮಂಡಯಂ ಜೀರಸನ್ನಿಧಿ ತಿರುಮಲಾಚಾರ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಮೈಸೂರು ಸೀಮೆಯ ಗಿಡಗಳ ತುಕ್ಕುರೋಗದ ಶಿಲೀಂಧ್ರಗಳನ್ನು ಹುಡುಕಿ ವಿವರಿಸಿದವರು ಅವರು. ಡಗ್ಗರ್ ಹಾಗೆಯೇ ಗಿಡದ ಕಾಯಿಲೆಯಿಂದ ಮದ್ದಿನ ಕಡೆಗೆ ಬಂದವರು. ಪಿಂಪ್ರಿಯ ಮಣ್ಣಿನಿಂದಲೇ ಅವರ ತಂಡ ಹ್ಯಾಮೈಸಿನ್ ತೆಗೆಯಿತು. ಕಾರ್ಖಾನೆಯ ಹೆಸರಿನ ಮೊದಲ ಅಕ್ಷರಗಳೇ ಮದ್ದಿನ ಹೆಸರಿಗೆ ಸೇರಿದವು. ಬೆಳೆಗಳ ಶಿಲೀಂಧ್ರ ರೋಗಕ್ಕೆಂದು ಆರಿಯೊಫಂಜಿನ್ ಬಂತು. ಅದೇ ಕಾರ್ಖಾನೆಯ ಸ್ಟ್ರೆಪ್ಟೋಸೈಕ್ಲಿನ್, ಅಂದರೆ ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್‌ಗೆ ಒಂದು ಪಾಲು ಟೆಟ್ರಾಸೈಕ್ಲಿನ್ ಬೆರೆಸಿದ ಪುಡಿ, ಭತ್ತದ ದುಂಡಾಣು ಅಂಗಮಾರಿಗೆ, ನಿಂಬೆಯ ಕಜ್ಜಿ ರೋಗಕ್ಕೆ, ಹತ್ತಿಗೆ, ಟೊಮೆಟೊಗೆ ಎಂದು ದೇಶದುದ್ದಗಲದ ಗೊಬ್ಬರದಂಗಡಿಗಳ ಕಪಾಟು ಸೇರಿತು.

ಕರ್ನಾಟಕದಲ್ಲಿ ಟೆಟ್ರಾಸೈಕ್ಲಿನ್‌ನ ಆಸರೆ ಬೇಡಿದ್ದರಲ್ಲಿ ಶ್ರೀಗಂಧವೂ ಒಂದು. 19ನೇ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗ ಮೈಸೂರಿನ ಗಂಧದ ಕಾಡನ್ನು ದಶಕಗಳ ಕಾಲ ಕೊರೆದು ತಿಂದಿತ್ತು. ಎಲೆಗಳು ಚಿಕ್ಕದಾಗಿ, ರೆಂಬೆಗಳು ಮುಳ್ಳಿನ ಕದಿರಿನಂತೆ ನೆಟ್ಟಗಾಗಿ ಮರ ಎರಡು ಮೂರು ವರ್ಷದಲ್ಲಿ ಒಣಗುತ್ತಿತ್ತು. ಕಾರಣ ವೈರಸ್ ಎಂದೇ ಎಲ್ಲರೂ ತಿಳಿದಿದ್ದರು. 1967ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆಯ ಕುಬ್ಜ ರೋಗಕ್ಕೆ ಗೋಡೆಯಿಲ್ಲದ ಬ್ಯಾಕ್ಟೀರಿಯಾದಂಥ ಜೀವಿ ಕಾರಣವೆಂದೂ ಟೆಟ್ರಾಸೈಕ್ಲಿನ್ ಕೊಟ್ಟರೆ ರೋಗ ತಗ್ಗುತ್ತದೆಂದೂ ತೋರಿಸಿದರು. ಎರಡೇ ವರ್ಷದಲ್ಲಿ ಗಂಧದ ಮರದಲ್ಲೂ ಅಂಥದ್ದೇ ಜೀವಿ ಪತ್ತೆಯಾಯಿತು. 1972ರ ಹೊತ್ತಿಗೆ ಗಂಧದ ಮರಗಳಿಗೆ ಟೆಟ್ರಾಸೈಕ್ಲಿನ್ ಕೊಟ್ಟ ಪ್ರಯೋಗಗಳು ಪ್ರಕಟವಾದವು. ಮರ ಚೇತರಿಸಿತು, ಹೊಸ ಎಲೆ ಬಿಟ್ಟಿತು, ಕೆಲ ಕಾಲದ ಮೇಲೆ ರೋಗ ಮರುಕಳಿಸಿತು. ಮದ್ದು ರೋಗವನ್ನು ಅಡಗಿಸುತ್ತದೆ, ನಿರ್ಮೂಲ ಮಾಡುವುದಿಲ್ಲ ಎಂದು ಗಂಧದ ಕಾಡು ಕಲಿಸಿದ ಪಾಠ ಮುಂದೆ ದಾಳಿಂಬೆಯ ಕಾಲಕ್ಕೆ ನೆನಪಾಗಬೇಕಿತ್ತು.

ಬಾಗಲಕೋಟೆ, ವಿಜಯಪುರ, ಕೊಪ್ಪಳದ ದಾಳಿಂಬೆ ತೋಟಗಳಿಗೆ ದುಂಡಾಣು ಅಂಗಮಾರಿ ನುಗ್ಗಿದಾಗ ಬೆಳೆಗಾರರಿಗೆ ಸಿಕ್ಕ ಆಯುಧ ಸ್ಟ್ರೆಪ್ಟೋಸೈಕ್ಲಿನ್. ಹಣ್ಣಿನ ಮೇಲೆ ಎಣ್ಣೆ ಬಿದ್ದಂಥ ಕಲೆ, ಆಮೇಲೆ ಸೀಳು. ಲಕ್ಷಗಟ್ಟಲೆ ಸಾಲ ಮಾಡಿ ತೋಟ ಮಾಡಿದವರು ಸಿಂಪಡಿಸದೆ ಕೈಕಟ್ಟಿ ಕೂರುವುದು ಸಾಧ್ಯವಿರಲಿಲ್ಲ. ಅವರನ್ನು ದೂರುವುದು ಅನ್ಯಾಯ. ಆದರೆ ಎಲೆಯಿಂದ ತೊಟ್ಟಿಕ್ಕಿದ್ದು ಬುಡದ ಮಣ್ಣಿಗೇ ಹೋಗುತ್ತದೆ, ಒಂದೇ ಮದ್ದನ್ನು ಪದೇ ಪದೇ ಹೊಡೆದಾಗ ದುಂಡಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಕ್ಯಾಲಿಫೋರ್ನಿಯದ ಪಿಯರ್ ಹಣ್ಣಿನ ತೋಟಗಳಲ್ಲಿ 1971ರಲ್ಲೇ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ದುಂಡಾಣು ಕಾಣಿಸಿಕೊಂಡಿತ್ತು. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಸ್ಟ್ರೆಪ್ಟೊಮೈಸಿನ್–ಟೆಟ್ರಾಸೈಕ್ಲಿನ್ ಮಿಶ್ರಣವನ್ನು ಬೇಸಾಯದಲ್ಲಿ ನಿಷೇಧಿಸುವ ಕರಡು ಆದೇಶ ಹೊರಡಿಸಿ, 2024ರ ಆರಂಭದಿಂದ ಬಳಕೆಯೇ ನಿಲ್ಲಬೇಕೆಂದು ಅದರಲ್ಲಿ ಹೇಳಿತು.

ಕೋಳಿಫಾರಂನ ಗೊಬ್ಬರ ಮಾತ್ರ ಈ ಆದೇಶದೊಳಗೆ ಬರುವುದಿಲ್ಲ. ಮನುಷ್ಯರ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿದ್ದು ಒಳ್ಳೆಯ ಹೆಜ್ಜೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2017ರಲ್ಲಿ ಉತ್ತರದ ನಾಲ್ಕು ರಾಜ್ಯಗಳ 12 ಕೋಳಿಫಾರಂಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಹಲವು ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಕೋಳಿಯ ಹಿಕ್ಕೆಯಲ್ಲೂ ಅದನ್ನು ಹಾಕಿದ ಹೊಲದ ಮಣ್ಣಿನಲ್ಲೂ ಸಿಕ್ಕಿದ್ದವು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನದು ಇನ್ನೂ ಉಗ್ರವಾದ ಪ್ರಕರಣ. ಸುಮಾರು 90 ಔಷಧ ಕಾರ್ಖಾನೆಗಳ ಕೊಳಚೆ ಶುದ್ಧೀಕರಿಸುವ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದೆಯೆಂದು ಸ್ವೀಡನ್ನಿನ ಯೋಕಿಮ್ ಲಾರ್ಸನ್ ತಂಡ 2007ರಲ್ಲಿ ವರದಿ ಮಾಡಿತು. ಆ ನೀರು ಸೇರುತ್ತಿದ್ದ ಹಳ್ಳಗಳ ದಂಡೆಯಲ್ಲಿ ಬೇಸಾಯವಿತ್ತು.

ಕೋಲಾರ, ಚಿಕ್ಕಬಳ್ಳಾಪುರದ ತರಕಾರಿ ಮತ್ತು ದ್ರಾಕ್ಷಿ ತೋಟಗಳಿಗೆ ಲಾರಿಗಟ್ಟಲೆ ಬಂದಿಳಿಯುವ ಕೋಳಿ ಗೊಬ್ಬರವನ್ನು ಏನು ಮಾಡಬೇಕು ಎಂಬುದಕ್ಕೆ ಒಂದು ಸುಳಿವು 2008ರ ಅಮೆರಿಕದ ಅಧ್ಯಯನದಲ್ಲಿದೆ. ಟರ್ಕಿ ಕೋಳಿಯ ಗೊಬ್ಬರವನ್ನು ಮೂರರಿಂದ ಐದು ವಾರ ಕೊಳೆಸಿದಾಗ ಕ್ಲೋರ್‌ಟೆಟ್ರಾಸೈಕ್ಲಿನ್ ಶೇ 99ಕ್ಕೂ ಹೆಚ್ಚು ಇಳಿಯಿತು, ಟೈಲೋಸಿನ್ ಅರ್ಧಕ್ಕಿಂತ ಹೆಚ್ಚು ಇಳಿಯಿತು, ಸಲ್ಫಾಮೆಥಜಿನ್ ಮಾತ್ರ ಕದಲಲಿಲ್ಲ. ತಿಪ್ಪೆಯಲ್ಲಿ ಗೊಬ್ಬರವನ್ನು ಕೊಳೆಸಿ, ಮಾಗಿಸಿ, ಆಮೇಲೆ ಹೊಲಕ್ಕೆ ಹೊರುವ ಹಳ್ಳಿಯ ಪದ್ಧತಿಗೆ ಇಲ್ಲಿ ದೊಡ್ಡ ಸಮರ್ಥನೆ ಸಿಗುತ್ತದೆ. ಹಸಿ ಹಿಕ್ಕೆಯನ್ನು ನೇರವಾಗಿ ಸುರಿಯುವ ಅವಸರಕ್ಕೆ ಸಿಗುವುದಿಲ್ಲ. ಆದರೆ ಸಲ್ಫಾ ಬಳಸುವ ಫಾರಂನ ಗೊಬ್ಬರಕ್ಕೆ ತಿಪ್ಪೆಯೂ ಸಾಲದು. ಅಲ್ಲಿ ಕೋಳಿಗೆ ಕೊಡುವ ಮದ್ದನ್ನೇ ಕಡಿಮೆ ಮಾಡಬೇಕು.

ಅದಕ್ಕೂ ಮೊದಲು ಅಳೆಯಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಪ್ರತಿಜೀವಕದ ಉಳಿಕೆ ಅದರಲ್ಲಿಲ್ಲ. ಅದನ್ನು ಅಳೆಯುವ ಯಂತ್ರಗಳಿಗೆ ದೇಶದಲ್ಲಿ ಕೊರತೆಯಿಲ್ಲ. ರಫ್ತಾಗುವ ದ್ರಾಕ್ಷಿಯಲ್ಲಿ ವಿಷದ ಉಳಿಕೆ ಪರೀಕ್ಷಿಸುವ ವ್ಯವಸ್ಥೆ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಳಿಂದ ನಡೆಯುತ್ತಿದೆ. ಪ್ರತಿ ಹೊಲಕ್ಕೂ ಅಷ್ಟು ದುಬಾರಿ ಪರೀಕ್ಷೆ ಬೇಕಿಲ್ಲ. ಕೋಳಿ ಗೊಬ್ಬರ ಅತಿ ಹೆಚ್ಚು ಬೀಳುವ ತಾಲ್ಲೂಕುಗಳಲ್ಲಿ, ದಾಳಿಂಬೆಗೆ ವರ್ಷಗಟ್ಟಲೆ ಸ್ಟ್ರೆಪ್ಟೋಸೈಕ್ಲಿನ್ ಹೊಡೆದ ತೋಟಗಳಲ್ಲಿ, ಆಯ್ದ ಕೆಲವು ಕಡೆಯ ಮಣ್ಣನ್ನು ವರ್ಷಕ್ಕೊಮ್ಮೆ ತೆಗೆದು ನೋಡಿ, ಮಾದರಿಯನ್ನು ಡಚ್ಚರಂತೆ ಒಣಗಿಸಿ ಎತ್ತಿಟ್ಟುಕೊಂಡರೆ ಕೆಲಸ ಶುರುವಾಗುತ್ತದೆ. ಧಾರವಾಡ, ರಾಯಚೂರು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳು ಮತ್ತು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಇದನ್ನು ಕೈಗೆತ್ತಿಕೊಳ್ಳಬಹುದು. ಮಣ್ಣು ವಿಜ್ಞಾನಿಗಳೂ ಸಸ್ಯರೋಗ ತಜ್ಞರೂ ಅಲ್ಲಿ ಒಂದೇ ಆವರಣದಲ್ಲಿದ್ದಾರೆ.